ಮೊದಲು ಡೈರಿಯ ಮಾತು

ಈ ವಾರಕ್ಕೆ ಬೇರೆ ಪತ್ರಕ್ಕೆ ಉತ್ತರ ಬರೆದಿಟ್ಟಿದ್ದೆ. ನಿಮ್ಮದು ಓದಿದ ಮೇಲೆ ಅದನ್ನು ಪಕ್ಕಕ್ಕೆ ಸರಿಸಿದೆ. ಸಿಟ್ಟು ಬಂದಿದೆ, ಮೊದಲೇ ಹೇಳಿಬಿಡುತ್ತೇನೆ.

ಉಳಿದ ಓದುಗರಿಗೆ ವಿಷಯ ಇಷ್ಟು. ಇವರದು ಕೆಲವು ಕುಟುಂಬಗಳ ಒಂದು ಬಳಗ. ಮಕ್ಕಳಿಗೆ 15 ತುಂಬಿದ ವರ್ಷ ಬಳಗದವರೇ ಸೇರಿ ‘ದೊಡ್ಡವರಾಗುವ’ ಕಾರ್ಯಕ್ರಮ ಮಾಡುತ್ತಾರೆ. ಮಕ್ಕಳು ಎರಡು ದಿನ ಅಪ್ಪ ಅಮ್ಮನನ್ನು ಬಿಟ್ಟು, ಬಳಗದ ಬೇರೆ ಹಿರಿಯರ ಜೊತೆ ಶಿಬಿರದಲ್ಲಿರುತ್ತಾರೆ. ವಾಪಸ್ ಬಂದ ಸಂಜೆ ಸಭೆ. ಅಪ್ಪನೋ ಅಮ್ಮನೋ ಮಗುವಿಗೆ ಬರೆದ ಪತ್ರವನ್ನು ಎಲ್ಲರೆದುರು ಓದಬೇಕು, ಮಗು ಉತ್ತರ ಹೇಳಬೇಕು. ಇವರ ಮಗಳು ‘ಶಿಬಿರಕ್ಕೆ ಹೋಗ್ತೀನಿ, ಸ್ಟೇಜಿಗೆ ಬರಲ್ಲ’ ಅಂತ ಹಟ ಹಿಡಿದಿದ್ದಾಳೆ. ಉಸ್ತುವಾರಿ ಹೊತ್ತಿರುವುದು ಗಂಡನ ಅಕ್ಕ. ‘ಒಬ್ಬಳು ತಪ್ಪಿಸಿಕೊಂಡರೆ ನಾಳೆ ಎಲ್ಲರೂ ತಪ್ಪಿಸಿಕೊಳ್ತಾರೆ’ ಅನ್ನುತ್ತಾರಂತೆ. ಮಗಳನ್ನು ಒಪ್ಪಿಸುವುದು ಹೇಗೆ ಅನ್ನುವುದು ಪ್ರಶ್ನೆ.

ಸುಲಭದ ಪ್ರಶ್ನೆ. ಆದರೆ ನಿಮ್ಮ ಪತ್ರದ ಕೊನೆಯ ಪುಟದಲ್ಲಿ, ಕಂಸದೊಳಗೆ, ಒಂದು ಸಾಲಿದೆ: ‘ಅವಳ ಡೈರಿಯಲ್ಲಿ ಸಿಕ್ಕ ನಾಲ್ಕು ಸಾಲನ್ನೂ ಸೇರಿಸಿಕೊಂಡಿದ್ದೇನೆ, ಎಷ್ಟು ಚೆನ್ನಾಗಿ ಬರೀತಾಳೆ ಗೊತ್ತಾ.’

ಸಿಕ್ಕ ಸಾಲು! ಡೈರಿ ದಾರಿಯಲ್ಲಿ ಬಿದ್ದಿರಲಿಲ್ಲ. ನೀವು ತೆರೆದಿರಿ, ಓದಿದಿರಿ, ಬರೆದುಕೊಂಡಿರಿ. ಈಗ ಅದನ್ನು ಮೈಕಿನಲ್ಲಿ ಓದಲು ಹೊರಟಿದ್ದೀರಿ. ಮಗಳಿಗೆ ಇದು ಗೊತ್ತಾಗಿದೆಯೋ ಇಲ್ಲವೋ ನೀವು ಬರೆದಿಲ್ಲ. ನನಗಂತೂ ಅನುಮಾನ ಇದೆ. ಎರಡು ದಿನ ಮನೆಯವರನ್ನು ಬಿಟ್ಟು ಇರಲು ರೆಡಿ ಇರುವ ಹುಡುಗಿಗೆ ಹತ್ತು ನಿಮಿಷದ ವೇದಿಕೆಯೇ ಯಾಕೆ ಬೇಡ? ನಾಚಿಕೆ ಅಂತೀರಿ. ನಾಚಿಕೆ ಸ್ವಭಾವದವಳು ಶಿಬಿರಕ್ಕೂ ಬೇಡ ಅಂತಿದ್ದಳು, ಅಲ್ವಾ?

ವಾನ್ ಗೆನೆಪ್ ಎಂಬ ವಿದ್ವಾಂಸ 1909ರಲ್ಲಿ ಇಂಥ ಆಚರಣೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿ ಮೂರು ಹಂತ ಗುರುತಿಸಿದ. ಮೊದಲು ಬಿಟ್ಟು ಹೋಗುವುದು. ಆಮೇಲೆ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ನಡುವಿನ ಕಾಲ. ಕೊನೆಗೆ ಹೊಸಬರಾಗಿ ಬಂದು ಸೇರುವುದು. ನಿಮ್ಮ ಬಳಗದ ಶಿಬಿರದಲ್ಲಿ ಮೊದಲೆರಡು ಚೆನ್ನಾಗಿಯೇ ಇವೆ. ಮೂರನೆಯದಕ್ಕೆ ಬಂದಾಗ ಮಗು ಹೊಸಬಳಾಗಿ ಬಂದರೆ ಸಾಲದು, ಅವಳನ್ನು ಬರಮಾಡಿಕೊಳ್ಳುವವರೂ ಬದಲಾಗಿರಬೇಕು. ಯಹೂದಿಗಳಲ್ಲಿ ಹುಡುಗನಿಗೆ 13 ತುಂಬಿ ಬಾರ್ ಮಿಟ್ಜ್ವಾ, ಅಂದರೆ ದೊಡ್ಡವನಾಗುವ ಆಚರಣೆ, ಆದಾಗ ಅಪ್ಪ ಹೇಳುವ ಒಂದು ಚಿಕ್ಕ ಸ್ತುತಿ ಇದೆ. ಇವನು ಮಾಡುವುದಕ್ಕೆ ಇನ್ನು ನಾನು ಹೊಣೆಯಲ್ಲ, ಬಿಡುಗಡೆ ಕೊಟ್ಟ ದೇವರಿಗೆ ಸ್ತೋತ್ರ ಅನ್ನುವ ಅರ್ಥದ್ದು. ಕೇಳಲು ಸ್ವಲ್ಪ ಒರಟು, ನನಗೆ ಮಾತ್ರ ಬಹಳ ಇಷ್ಟ. ಅಲ್ಲಿ ಅಪ್ಪ ಮಗನನ್ನು ಹೊಗಳುತ್ತಿಲ್ಲ, ಅಳುತ್ತಲೂ ಇಲ್ಲ. ತನ್ನ ಕೈಯಲ್ಲಿದ್ದದ್ದನ್ನು ಬಿಡುತ್ತಿದ್ದಾನೆ. ನೀವು ಅದೇ ಹೊತ್ತಿಗೆ ಮಗಳ ಮೇಜಿನ ಖಾನೆಗೆ ಕೈ ಹಾಕಿದ್ದೀರಿ.

ಹಾಗಂತ ನಿಮ್ಮೊಬ್ಬರನ್ನೇ ಬೈಯುವುದಿಲ್ಲ. ‘ಹೋದ ವರ್ಷ ಯಾರೂ ಅಳಲೇ ಇಲ್ಲ, ಈ ಸಲ ಪತ್ರ ಮನಸ್ಸಿಗೆ ತಟ್ಟೋ ಹಾಗಿರಲಿ’ ಅಂತ ನಿಮ್ಮ ಯಜಮಾನರ ಅಕ್ಕ ಎಲ್ಲ ಅಮ್ಮಂದಿರಿಗೂ ಹೇಳಿದ್ದಾರೆ ಎಂದು ಬರೆದಿದ್ದೀರಿ. ಈ ರಗಳೆಯ ಮೂಲ ಅದು. ಸಭೆಯಲ್ಲಿ ಕಣ್ಣೀರು ಬರಿಸುವುದೇ ಗುರಿಯಾದರೆ ಅಮ್ಮಂದಿರು ಸರಕು ಹುಡುಕಲೇಬೇಕಲ್ಲ. ಮೈಕ್ ಹಿಡಿದ ಪ್ರೀತಿಯನ್ನು ನಂಬಬೇಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಓದುಗರಿಗೆ ಬೇಜಾರು ಬಂದಿರಬಹುದು. ವೇದಿಕೆಯೇ ಕೆಟ್ಟದ್ದು ಅಂತಲ್ಲ. ನಾರ್ವೆಯಲ್ಲಿ ಧರ್ಮದ ಹಂಗಿಲ್ಲದ ಇಂಥದೇ ಸಮಾರಂಭ 1951ರಿಂದ ನಡೆಯುತ್ತಿದೆ. ಅಲ್ಲಿ 15ರ ಆಸುಪಾಸಿನ ಮಕ್ಕಳು ಮೊದಲು ತರಗತಿಗಳಿಗೆ ಹೋಗಿ, ಸರಿ ತಪ್ಪುಗಳ ಬಗ್ಗೆ ಚರ್ಚೆ ಮಾಡಿ, ಆಮೇಲೆ ಸಭೆಗೆ ಬರುತ್ತಾರೆ. ಯಜಮಾನರ ವಿಷಯ ಬಿಡಿ. ಇಡೀ ಪತ್ರದಲ್ಲಿ ಅವರ ಕೆಲಸ ವಿಡಿಯೊ ಮಾಡುವುದು ಮಾತ್ರ.

ನೀವು ಮಾಡಬೇಕಾದ್ದು ಒಂದೇ. ಇವತ್ತು ರಾತ್ರಿ, ಅವಳೊಬ್ಬಳೇ ಇದ್ದಾಗ, ‘ನಿನ್ನ ಡೈರಿ ಓದಿದೆ, ತಪ್ಪಾಯ್ತು’ ಅಂತ ಹೇಳಿ. ‘ನಿನ್ನ ಒಳ್ಳೇದಕ್ಕೇ’ ಅಂತ ಬಾಲಂಗೋಚಿ ಬೇಡ. ಎಷ್ಟು ಚೆನ್ನಾಗಿ ಬರೀತೀಯಾ ಅಂತಲೂ ಬೇಡ, ದಯವಿಟ್ಟು. ನೀವು ಬರೆದ ಪತ್ರವನ್ನು ಹಾಗೇ ಅವಳ ಕೈಗೆ ಕೊಡಿ. ಹರಿಯುತ್ತಾಳೋ, ಇಟ್ಟುಕೊಳ್ಳುತ್ತಾಳೋ ಅವಳಿಷ್ಟ. ಕೂಗಾಡಿದರೆ ಕೇಳಿಸಿಕೊಳ್ಳಿ. ನಾಲ್ಕು ದಿನ ಮಾತು ಬಿಟ್ಟರೆ ಬಿಡಲಿ. ಅದನ್ನು ಯಜಮಾನರ ಅಕ್ಕನ ಹತ್ತಿರ ಮಾತ್ರ ದೂರಬೇಡಿ.

ವೇದಿಕೆಗೆ ಬರುತ್ತೀಯಾ ಅಂತ ಮತ್ತೆ ಕೇಳಲೇಬೇಡಿ. ಪಟ್ಟಿಯಿಂದ ಇಬ್ಬರ ಹೆಸರನ್ನೂ ತೆಗೆಯಿರಿ ಅಂತ ಯಜಮಾನರ ಅಕ್ಕನಿಗೆ ನೀವೇ ಹೇಳಿ. ಬಳಗ ಒಡೆಯುತ್ತದೆ ಅಂತ ಅವರು ಜಗಳಕ್ಕೆ ಬಂದರೆ, ಈ ಪುಟವನ್ನು ಅವರಿಗೆ ಕೊಡಿ. ಅವರ ಪತ್ರಕ್ಕೂ ಉತ್ತರ ಬರೆಯಲು ನಾನು ಸಿದ್ಧ.