ಹನ್ನೆರಡು ಹೊಳೆಗಳಿದ್ದೂ ಏಪ್ರಿಲಿನಲ್ಲಿ ಟ್ಯಾಂಕರ್ ಯಾಕೆ?

ಕೇರಳದ 44 ನದಿಗಳಲ್ಲಿ 12 ಕಾಸರಗೋಡು ಜಿಲ್ಲೆಯೊಂದರಲ್ಲೇ ಇವೆ, ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುತ್ತದೆ, ಆದರೂ ನಿಮಗೆ ಹೊಸ ಕುಡಿಯುವ ನೀರಿನ ಯೋಜನೆ ಯಾಕೆ ಎಂದು ಕೇಳಿದ್ದೀರಿ. ಬಯಲುಸೀಮೆಯವರಿಗೆ ಹಾಗನಿಸುವುದು ಸಹಜ. ನಮ್ಮ ಹೊಳೆಗಳಲ್ಲಿ ನೀರು ತುಂಬಿರುವುದು ಜೂನಿನಿಂದ ಡಿಸೆಂಬರ್ ತನಕ. ಪೈಪಿನ ನೀರಿಗಾಗಿ ಜನ ಕಾಯುವುದು ಮಾರ್ಚಿನಿಂದ ತುಳುವರ ಪತ್ತನಾಜೆ ದಿನದ ತನಕ, ಅಂದರೆ ಮೇ ಕೊನೆಯ ವಾರದ ತನಕ. ಇಲ್ಲಿ ಯಾವ ಯೋಜನೆ ಹಾಕಿದರೂ ಆ ಮೂರು ತಿಂಗಳ ಲೆಕ್ಕ ಸರಿಯಿದೆಯೇ ಎಂದು ಮೊದಲು ನೋಡಬೇಕು.

ನಮ್ಮ ನೆಲ ಹೇಗಿದೆ ಎಂದು ಹೇಳುತ್ತೇನೆ. ಮೇಲೆ ತೂತುತೂತಾದ ಮುರಕಲ್ಲು, ಅಂದರೆ ಕೆಂಪುಕಲ್ಲು, ಅದರಡಿಯಲ್ಲಿ ನುಣುಪಾದ ಶೇಡಿಮಣ್ಣು, ಇನ್ನೂ ಕೆಳಗೆ ಗಟ್ಟಿ ಬಂಡೆ. ಬಿದ್ದ ಮಳೆ ಮುರಕಲ್ಲಿನೊಳಗೆ ಬೇಗ ಇಳಿಯುತ್ತದೆ, ಗುಡ್ಡೆಯ ಇಳಿಜಾರಿನಲ್ಲಿ ಅಷ್ಟೇ ಬೇಗ ಹೊರಬಂದು ತೋಡು, ಅಂದರೆ ಸಣ್ಣ ಹಳ್ಳ, ಸೇರುತ್ತದೆ. ಸಮುದ್ರ ಹತ್ತಿರವೇ ಇದೆ. ಮಂಜೇಶ್ವರ ಹೊಳೆಯ ಒಟ್ಟು ಉದ್ದವೇ 16 ಕಿಲೋಮೀಟರ್. ಇಂಥ ನೆಲದಲ್ಲಿ ಹಿರಿಯರು ಕಂಡುಕೊಂಡ ದಾರಿ ಸುರಂಗ. ಬಾಯಾರು, ಪಡ್ರೆ, ಎಣ್ಮಕಜೆ ಕಡೆ ಬಂದರೆ ಗುಡ್ಡೆಯ ಬದಿಯಲ್ಲಿ ಒಬ್ಬ ಮನುಷ್ಯ ನುಗ್ಗುವಷ್ಟು ಅಗಲದ ಬಾಯಿಗಳು ಕಾಣುತ್ತವೆ. ಒಳಗೆ ಅಡ್ಡಕ್ಕೆ ಕೊರೆಯುತ್ತ ಹೋಗುತ್ತಾರೆ, ಕೆಲವು ನೂರು ಮೀಟರಿಗೂ ಉದ್ದ. ಉದ್ದವನ್ನು ಕೋಲು ಎಂಬ ಹಳೆಯ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. ಗಾಳಿ ಇದೆಯೇ ಎಂದು ತಿಳಿಯಲು ಮೇಣದ ಬತ್ತಿ ಹಚ್ಚಿ ಇಡುತ್ತಾರೆ, ಅದು ನಂದಿದರೆ ಹೊರಗೆ ಬರಬೇಕು. ಒರತೆ ಸಿಕ್ಕಿದರೆ ನೀರು ತಾನಾಗಿ ಹರಿದು ಬರುತ್ತದೆ, ಪಂಪೂ ಬೇಡ, ಕರೆಂಟೂ ಬೇಡ. ಎಷ್ಟೋ ಮನೆಗಳು ಇಂದಿಗೂ ಈ ನೀರನ್ನೇ ಕುಡಿಯುತ್ತವೆ.

ಈ ಸುರಂಗಗಳಿಗೆ ಪೆಟ್ಟು ಕೊಟ್ಟದ್ದು ಬೋರು, ಅಂದರೆ ಕೊಳವೆಬಾವಿ. ಬಂಡೆಯ ಬಿರುಕಿನ ತನಕ ಕೊರೆದಾಗ ಮೇಲಿನ ಪದರದ ನೀರೂ ಕೆಳಗೆ ಇಳಿದುಹೋಗುತ್ತದೆ, ಸುತ್ತಲಿನ ಬಾವಿ-ಸುರಂಗಗಳು ಸೊರಗುತ್ತವೆ. ಪದವುಗಳ, ಅಂದರೆ ಗುಡ್ಡೆಯ ಮೇಲಿನ ಬಯಲುಗಳ, ಮೇಲೆ ಕೆಂಪುಕಲ್ಲಿನ ಕೋರೆಗಳೂ ಹೆಚ್ಚಿ, ನೀರು ಇಂಗಬೇಕಾದ ಜಾಗವೇ ಕಡಿಮೆಯಾಯಿತು. ಆದ್ದರಿಂದ ಪಂಚಾಯತಿನವರು ಹತ್ತು ಮನೆಗೆ ನೀರು ಕೊಡಲು ಬೋರು ಹೊಡೆಸುತ್ತೇವೆ ಎಂದಾಗ, ಅದರಿಂದ ಯಾರ ಸುರಂಗ ಬತ್ತುತ್ತದೆ ಎಂದು ಕೇಳುವವರು ವಿರೋಧಿಗಳಲ್ಲ. ಆ ಪ್ರಶ್ನೆ ಯೋಜನೆಯ ಕಾಗದದಲ್ಲೇ ಇರಬೇಕಿತ್ತು.

ಹೊಳೆಯಿಂದ ನೀರೆತ್ತುವುದಾದರೆ ಬೇರೆಯೇ ತಾಪತ್ರಯ. ಕಾಸರಗೋಡು ಪೇಟೆಗೆ ನೀರು ಬರುವುದು ಪಯಸ್ವಿನಿ ಹೊಳೆಯ ಬಾವಿಕ್ಕರೆಯಿಂದ. ಅದರ ಹುಟ್ಟು ಕೊಡಗಿನ ಬೆಟ್ಟಗಳಲ್ಲಿ; ಸುಳ್ಯ ದಾಟಿ ಗಡಿಯೊಳಗೆ ಬಂದು, ಚಂದ್ರಗಿರಿಯೆಂಬ ಹೆಸರಲ್ಲಿ ತಳಂಗರೆಯ ಹತ್ತಿರ ಸಮುದ್ರ ಸೇರುತ್ತದೆ. ಬೇಸಗೆಯಲ್ಲಿ ಮೇಲಿನ ಹರಿವು ಸಣ್ಣದಾದಾಗ ಸಮುದ್ರದ ಉಬ್ಬರ ಉಪ್ಪುನೀರನ್ನು ಬಾವಿಕ್ಕರೆಯ ತನಕ ತಳ್ಳುತ್ತಿತ್ತು. ಎಷ್ಟೋ ವರ್ಷ ಮರಳಿನ ಚೀಲ ಪೇರಿಸಿ ತಾತ್ಕಾಲಿಕ ಒಡ್ಡು ಕಟ್ಟಿದರು. ಒಡ್ಡು ತಡವಾದ ಅಥವಾ ಒಡೆದ ವರ್ಷ ಪೇಟೆಯ ನಲ್ಲಿಗಳಲ್ಲಿ ಉಪ್ಪುನೀರು ಬಂತು. ಕುಡಿಯುವ ನೀರಿನಲ್ಲಿ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಲೀಟರಿಗೆ 250 ಮಿಲಿಗ್ರಾಂ ದಾಟಬಾರದು, ಬೇರೆ ಮೂಲವೇ ಇಲ್ಲದಿದ್ದರೆ ಮಾತ್ರ 1000ದ ತನಕ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ಚಹಾ ಮಾಡಿದರೂ ಉಪ್ಪುಪ್ಪಾಗಿರುತ್ತಿದ್ದ ಆ ನೀರಿನ ಮುಂದೆ ಮಾನಕದ ಮಾತೇ ಇಲ್ಲ. ಬಹಳ ತಡವಾಗಿ ಅಲ್ಲಿ ಶಾಶ್ವತ ರೆಗ್ಯುಲೇಟರ್, ಅಂದರೆ ಉಪ್ಪುನೀರು ತಡೆಯುವ ಒಡ್ಡು, ಆಯಿತು. ಮುಂದೆ ಈ ಹೊಳೆಯ ಮೇಲೆ ಇನ್ನೊಂದು ಯೋಜನೆ ಬರೆಯುವವರು ಬಾವಿಕ್ಕರೆಯ ಆ ಬೇಸಗೆಗಳನ್ನು ಮರೆಯಬಾರದು.

ಪರಿಸರ ಪರಿಣಾಮದ ಅಧ್ಯಯನ ಕಾನೂನಿನಲ್ಲೇ ಇದೆಯಲ್ಲ ಎಂದು ನೀವು ಕೇಳಬಹುದು. ಆ ಅಧ್ಯಯನದ ಬಗ್ಗೆ ಹೊರಡಿಸಿದ 2006ರ ಇಐಎ ಅಧಿಸೂಚನೆಯ ಪಟ್ಟಿಯಲ್ಲಿ ಜಲವಿದ್ಯುತ್ತು, ನೀರಾವರಿ ಇವೆ. ಬರೀ ಕುಡಿಯುವ ನೀರಿನ ಯೋಜನೆ ಇಲ್ಲ. ನಿಮ್ಮ ಕಡೆಯದೇ ಉದಾಹರಣೆ ಇದೆ. 24 ಟಿಎಂಸಿಯ ಎತ್ತಿನಹೊಳೆ ಯೋಜನೆಗೆ ಪರಿಸರ ಅನುಮತಿ ಬೇಡವೆಂದು ವಾದಿಸಿದ್ದು ಕುಡಿಯುವ ನೀರಿನ ಹೆಸರಿನಲ್ಲೇ. ಕಳಸಾ-ಬಂಡೂರಿ ವಿಷಯದಲ್ಲೂ 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಇದೇ ಕಾರಣ ಕೊಟ್ಟಿತು. ಬಾಯಾರಿದವರಿಗೆ ನೀರು ಕೊಡುವ ಕೆಲಸ ಕಚೇರಿಯ ಕಾಗದಗಳಲ್ಲಿ ಸಿಕ್ಕಿ ನಿಲ್ಲಬಾರದು, ಅದನ್ನು ಒಪ್ಪುತ್ತೇನೆ. ಆದರೆ ನೀರೆತ್ತುವ ಜಾಗದಿಂದ ಕೆಳಗಿರುವವರೂ ಅದೇ ಹೊಳೆಯ ನೀರು ಕುಡಿಯುವವರು. ಅವರ ಬಾವಿಗೆ ಏನಾಗುತ್ತದೆಂದು ನೋಡುವ ಹೊಣೆ ಯಾರಿಗೂ ಇಲ್ಲವೆಂದರೆ ನನಗೆ ಒಪ್ಪಿಗೆಯಿಲ್ಲ.

ಕಟ್ಟಗಳ ವಿಷಯವನ್ನು ಯೋಜನೆ ಬರೆಯುವವರು ಗಮನಿಸುವುದೇ ಇಲ್ಲ. ಮಳೆಗಾಲ ಕಳೆದು ಹರಿವು ಇಳಿದ ಮೇಲೆ ರೈತರು ಸೇರಿ ತೋಡಿಗೆ ಅಡ್ಡಲಾಗಿ ಕಲ್ಲು-ಮಣ್ಣಿನ ಕಟ್ಟ ಹಾಕುತ್ತಾರೆ. ಅಡಿಕೆ ತೋಟಕ್ಕೆ ನೀರು, ಅದರ ಜೊತೆಗೆ ಸುತ್ತಲಿನ ಬಾವಿಗಳಲ್ಲಿ ಮಟ್ಟ ಏರುತ್ತದೆ. ಏತಡ್ಕದಲ್ಲಿ ಒಂದೇ ತೋಡಿನ ಉದ್ದಕ್ಕೂ ಸಾಲಾಗಿ ಕಟ್ಟ ಕಟ್ಟುತ್ತ ಬಂದಿದ್ದಾರೆ. ಕೂಲಿ ದುಬಾರಿಯಾಗಿ ಬೇರೆ ಕಡೆ ಬಹಳಷ್ಟು ನಿಂತುಹೋದವು. ಪೈಪಿಗೆ ಇಡುವ ಹಣದಲ್ಲಿ ಒಂದು ಪಾಲನ್ನು ಕಟ್ಟಗಳಿಗೆ ಕೊಟ್ಟರೆ ಎಷ್ಟೋ ಮನೆಗೆ ಪೈಪೇ ಬೇಕಾಗದು.

ಇನ್ನು ಎಂಡೋಸಲ್ಫಾನ್ ಎಂಬ ಕೀಟನಾಶಕದ ಮಾತು. 1970ರ ದಶಕದಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದರು. ತೆರೆದ ಬಾವಿ, ತೋಡು, ಸುರಂಗದ ನೀರು ತುಂಬುವ ಕೆರೆ, ಎಲ್ಲದರ ಮೇಲೂ ಬಿತ್ತು. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್‌ಮೆಂಟ್ ಪಡ್ರೆಯ ನೀರು, ಮಣ್ಣು, ಜನರ ರಕ್ತದಲ್ಲಿ ಅದನ್ನು ಪತ್ತೆ ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ನಿಷೇಧಿಸಿತು. ಸಿಂಪಡಿಸಿದ ಊರುಗಳ ಮನೆಗಳಲ್ಲಿ ಇಂದಿಗೂ ಹಾಸಿಗೆ ಬಿಟ್ಟೇಳದ ಮಕ್ಕಳಿದ್ದಾರೆ. ಹಾಗಿರುವಾಗ ನಮ್ಮಲ್ಲಿ ಹೊಸ ನೀರಿನ ಮೂಲವನ್ನು ಕೀಟನಾಶಕದ ಪರೀಕ್ಷೆ ಮಾಡದೆ ಆರಿಸುವುದು ಅನ್ಯಾಯ.

ಕೊನೆಗೊಂದು ಗಡಿನಾಡಿನದೇ ತೊಡಕು. ಯೋಜನೆಯ ವರದಿ ಬರುವುದು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಯಾವ ತೋಡು ಯಾವ ತಿಂಗಳಲ್ಲಿ ಬತ್ತುತ್ತದೆಂದು ಬಾಯಿಪಾಠವಾಗಿ ಹೇಳಬಲ್ಲ ನಮ್ಮ ಹಿರಿಯರು ಓದುವುದು ಕನ್ನಡ. ಗ್ರಾಮಸಭೆಯಲ್ಲಿ ಅವರು ಸಹಿ ಹಾಕಿ ಬರುತ್ತಾರೆ, ಮಾತಾಡುವುದಿಲ್ಲ. ಅದಕ್ಕಾಗಿ ನಮ್ಮ ವಾರ್ಡಿನವರು ಈ ಸಲ ಕೇಳುತ್ತಿರುವುದು ವರದಿಯ ಕನ್ನಡ ಪ್ರತಿ, ಎರಡು ಬೇಸಗೆಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲೇ ಅಳೆದ ಹೊಳೆಯ ಹರಿವು, ಮತ್ತು ಮೇಲ್ಭಾಗದಲ್ಲಿ ಸುಳ್ಯದ ಕಡೆಯವರು ಎಷ್ಟು ನೀರೆತ್ತುತ್ತಾರೆ ಎಂಬ ಲೆಕ್ಕ.