ತಂದೆಗೆ ಇಲಿಯಾಸ್ಟಮಿ (ಸಣ್ಣಕರುಳನ್ನು ಹೊಟ್ಟೆಯ ಮೇಲೆ ತೆರೆಯುವ ಶಸ್ತ್ರಚಿಕಿತ್ಸೆ) ಆಗಿ ಎರಡು ತಿಂಗಳು. ಸ್ಟೋಮಾ, ಅಂದರೆ ಆ ಕರುಳಿನ ಬಾಯಿಯ ಸುತ್ತಲಿನ ಚರ್ಮ ಕೆಂಪಾಗಿ ಒಸರುತ್ತಿದೆ. ಯಾವ ಮುಲಾಮು ಹಚ್ಚಬೇಕು? ಬ್ಯಾಗಿನ ಕಂಪನಿ ಬದಲಿಸಬೇಕೇ?

ಮುಲಾಮಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಹಚ್ಚುತ್ತೀರಿ, ಅದರ ಜಿಡ್ಡಿಗೆ ಬ್ಯಾಗನ್ನು ಚರ್ಮಕ್ಕೆ ಅಂಟಿಸುವ ಪ್ಲೇಟ್ ಹಿಡಿಯುವುದಿಲ್ಲ, ಸೋರಿಕೆ ಇನ್ನೂ ಹೆಚ್ಚುತ್ತದೆ. ನಿಮ್ಮ ತಂದೆಗೆ ಇಲಿಯಾಸ್ಟಮಿ ಆಗಿ ಎರಡು ತಿಂಗಳು ಎಂದಿದ್ದೀರಿ. ನನ್ನ ಚರ್ಮ ಕೆಟ್ಟದ್ದೂ ಎರಡನೆಯ ತಿಂಗಳಲ್ಲೇ.

ಸುರತ್ಕಲ್‌ನಲ್ಲಿ ನನ್ನದು ಟೈಲರ್ ಅಂಗಡಿ. ಆಸ್ಪತ್ರೆಯಿಂದ ಹೊರಡುವ ದಿನ ನರ್ಸ್ ಸ್ಟೋಮಾ ಅಳೆದು ರಟ್ಟಿನ ಮೇಲೆ ವೃತ್ತ ಬರೆದುಕೊಟ್ಟರು, ಅಡ್ಡಳತೆ 38 ಮಿಲಿಮೀಟರ್. ಒಂದೇ ಅಳತೆಗೆ ಇಪ್ಪತ್ತು ಯೂನಿಫಾರ್ಮ್ ಕತ್ತರಿಸುವ ಕೈ ನನ್ನದು. ಮನೆಗೆ ಬಂದವನೇ ಎರಡು ಪೆಟ್ಟಿಗೆ ಪ್ಲೇಟುಗಳನ್ನು ಆ ರಟ್ಟಿಟ್ಟು ಒಂದೇ ಸಂಜೆಯಲ್ಲಿ ಕತ್ತರಿಸಿಟ್ಟೆ. ಅಂಚು ಎಷ್ಟು ನಯವಾಗಿ ಬಂದಿತ್ತೆಂದರೆ ಹೆಂಡತಿಯನ್ನು ಕರೆದು ತೋರಿಸಿದ್ದೆ.

ಆ ಸಂಜೆಯೇ ನನ್ನನ್ನು ಕೆಡಿಸಿದ್ದು. ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಸ್ಟೋಮಾ ಊದಿಕೊಂಡಿರುತ್ತದೆ, ಆರರಿಂದ ಎಂಟು ವಾರಗಳಲ್ಲಿ ಬಾವು ಇಳಿದು ಚಿಕ್ಕದಾಗುತ್ತದೆ. ನನ್ನದೂ ಇಳಿಯಿತು, ರಟ್ಟಿನ ವೃತ್ತ ಇಳಿಯಲಿಲ್ಲ. ಸುತ್ತ ಐದೈದು ಮಿಲಿಮೀಟರ್ ಚರ್ಮ ಬರಿದಾಗಿ ಉಳಿಯಿತು. ಸಣ್ಣಕರುಳಿನಿಂದ ಬರುವುದು ಜೀರ್ಣರಸ ಬೆರೆತ ನೀರು. ತಿಂದ ಮೀನು ಯಾವುದು, ನಮ್ಮ ಚರ್ಮ ಯಾವುದು ಎಂಬ ಭೇದ ಅದಕ್ಕಿಲ್ಲ. ಪ್ಲೇಟ್ ಬಿಚ್ಚಿದರೆ ಅಂಟು ಒಂದು ಬದಿಯಲ್ಲಿ ನೆನೆದ ನೀರುದೋಸೆಯಂತೆ ಕರಗಿರುತ್ತಿತ್ತು, ಅದರಡಿಯ ಚರ್ಮ ಸಿಪ್ಪೆ ಸುಲಿದ ಟೊಮೆಟೊ ಹಾಗೆ.

ಅಮ್ಮ ಇದು ನಂಜು ಎಂದು ತೀರ್ಮಾನಿಸಿ ಬಂಗುಡೆ, ಬದನೆ ಎರಡನ್ನೂ ನಿಲ್ಲಿಸಿದರು. ರಾತ್ರಿ ತೆಂಗಿನೆಣ್ಣೆ ಹಚ್ಚಿದರು. ಮರುದಿನ ಮಂಗಳೂರಿನ ಹಂಪನಕಟ್ಟೆಗೆ ಹೊರಟವನಿಗೆ ಮೇ ತಿಂಗಳ ಸೆಕೆಯಲ್ಲಿ, ಕೂಳೂರು ಸೇತುವೆ ದಾಟುವುದರೊಳಗೆ ಪ್ಲೇಟ್ ಕಳಚಿತು. ತುಂಬಿದ ಬಸ್ಸು. ಮುಂದಿನದನ್ನು ಬರೆಯುವುದಿಲ್ಲ.

ಕೊನೆಗೆ ಸ್ಟೋಮಾ ನರ್ಸ್ ಒಬ್ಬರು ಅಳತೆಪಟ್ಟಿ ಇಟ್ಟು ನೋಡಿದರು. 28. ‘ಅಳತೆ ಯಾವಾಗ ತೆಗೆದದ್ದು ಮಾರಾಯರೇ?’ ಎಂದರು. ಕಳೆದ ವರ್ಷದ ಅಳತೆಗೆ ರವಿಕೆ ಹೊಲಿಯಲು ಒಪ್ಪದ ನಾನು ಏನು ಉತ್ತರ ಕೊಡಲಿ?

ರಂಧ್ರ ಸ್ಟೋಮಾಕ್ಕಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು ಎಂದು ಹೊಸದನ್ನು 30ಕ್ಕೆ ಕತ್ತರಿಸಿಕೊಟ್ಟರು. ಬರೀ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಹಸಿಯಾದ ಜಾಗಕ್ಕಷ್ಟೇ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಕೊಡವಿದರು. ಮುಖಕ್ಕೆ ಹಾಕುವ ಪೌಡರ್ ಅಲ್ಲ, ಅದು ಬೇರೆ. ಮೇಲೊಂದು ಪದರ ಬ್ಯಾರಿಯರ್ ಫಿಲ್ಮ್, ಅಂದರೆ ಚರ್ಮ ಕಾಯುವ ತೆಳು ಲೇಪ. ಅದು ಒಣಗಿದ ಮೇಲೆ ಪ್ಲೇಟ್ ಅಂಟಿಸಿ ಅಂಗೈ ಬಿಸಿಯಲ್ಲಿ ಕೆಲವು ನಿಮಿಷ ಒತ್ತಿ ಹಿಡಿದರು. ಮೂರನೆಯ ಸಲ ಬಿಚ್ಚುವಾಗ ಒಸರು ನಿಂತಿತ್ತು.

ಕಂಪನಿಯ ವಿಷಯ ಆಮೇಲೆ ನೋಡಿ. ನಾನು ಬದಲಿಸಿದ್ದೆ, ದುಬಾರಿ ಪ್ಲೇಟಿಗೂ 38ರ ರಂಧ್ರವನ್ನೇ ಮಾಡಿದೆ, ದುಬಾರಿಯಾಗಿಯೇ ಸೋರಿತು. ಅಳತೆ ಸರಿಯಿದ್ದೂ ಸೋರುತ್ತದೆ, ಸ್ಟೋಮಾ ಚರ್ಮದ ಮಟ್ಟಕ್ಕಿಂತ ಒಳಗೆ ಕುಳಿತಿದೆ ಎಂದಾದರೆ ಉಬ್ಬು ಪ್ಲೇಟ್ ಬೇಕಾಗಬಹುದು, ಅದನ್ನು ನರ್ಸ್ ನೋಡಿಯೇ ಹೇಳಬೇಕು. ಕೆಂಪಿನ ಅಂಚಿನಾಚೆಗೂ ಸಣ್ಣ ಗುಳ್ಳೆಗಳು ಚದುರಿ ತುರಿಸುತ್ತಿದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು, ನಮ್ಮ ಕರಾವಳಿಯ ಬೆವರಿಗೆ ಅದು ಹೊಸತಲ್ಲ. ಅದಕ್ಕೆ ವೈದ್ಯರು ಬೇರೆಯೇ ಪೌಡರ್ ಬರೆದುಕೊಡುತ್ತಾರೆ. ಪ್ಲೇಟಿನಡಿ ಉರಿ ಶುರುವಾದರೆ ಮಾತ್ರ ಮೇಲಿನಿಂದ ಟೇಪ್ ಸುತ್ತಿ ದಿನ ದೂಡಬೇಡಿ, ಆಗಲೇ ಬಿಚ್ಚಿ.

ನಾಳೆ ಬೆಳಿಗ್ಗೆ ನಿಮ್ಮ ತಂದೆಯವರು ಕಾಫಿ ಕುಡಿಯುವ ಮೊದಲೇ, ಸ್ಟೋಮಾದಿಂದ ಹೊರಬರುವುದು ಕಡಿಮೆ ಇರುವ ಹೊತ್ತಿನಲ್ಲಿ, ಅಳತೆ ತೆಗೆಯಿರಿ. ಎಷ್ಟು ಬಂತು, ಪ್ಲೇಟಿನ ರಂಧ್ರ ಎಷ್ಟಿತ್ತು, ಎರಡನ್ನೂ ಇಲ್ಲಿ ಬರೆಯಿರಿ.