ಸಭೆಯ ಪ್ರಶ್ನೆ, ನಮ್ಮ ಉತ್ತರ: ಮದುವೆ ಲೈಸೆನ್ಸ್‌ನಿಂದ ಮಳೆಗಾಲದ ದೀಕ್ಷಾಸ್ನಾನದವರೆಗೆ

ಈ ಸಲದ ಪತ್ರಗಳೆಲ್ಲ ಕೊಡಗಿನಿಂದ ಬಂದವು. ಮೊದಲ ಪ್ರಶ್ನೆಗೆ ಬೇಕೆಂದೇ ಹೆಚ್ಚು ಜಾಗ ಕೊಟ್ಟಿದ್ದೇವೆ. ಅದರಲ್ಲಿ ತಪ್ಪಾದರೆ ವರ್ಷಗಟ್ಟಲೆ ಅಲೆಯಬೇಕಾದವರು ಮದುಮಕ್ಕಳು.

ನಮ್ಮದು ಸುಂಟಿಕೊಪ್ಪದ ಹತ್ತಿರದ ಸ್ವತಂತ್ರ ಕ್ರೈಸ್ತ ಸಭೆ. ಮಗಳ ಮದುವೆ ಜನವರಿಯಲ್ಲಿ, ಒಂದು ರೆಸಾರ್ಟ್‌ನಲ್ಲಿ, ಸಂಜೆ ಹೊತ್ತು. ನಮ್ಮ ಪಾಸ್ಟರೇ ನಡೆಸಿಕೊಡುತ್ತಾರೆ. ಅವರಿಗೆ ಲೈಸೆನ್ಸ್ ಇದೆಯಾ ಎಂದು ಬೀಗರು ಕೇಳುತ್ತಿದ್ದಾರೆ. ದೇವರ ಮುಂದೆ ಆಗುವ ಮದುವೆಗೆ ಸರ್ಕಾರದ ಲೈಸೆನ್ಸ್ ಯಾಕೆ?

ಬೀಗರು ಕೇಳಿದ್ದು ಸರಿಯಾಗಿಯೇ ಇದೆ. ನಮ್ಮ ಮದುವೆಗಳು ನಡೆಯುವುದು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ. ಮದುವೆ ನಡೆಸಿಕೊಡಲು ಯಾರಿಗೆ ಅಧಿಕಾರವಿದೆ ಎಂಬುದನ್ನು ಅದರ 5ನೇ ಕಲಮು ಹೇಳುತ್ತದೆ. ಬಿಷಪ್ಪರಿಂದ ಪಾದ್ರಿ ದೀಕ್ಷೆ ಪಡೆದವರು ತಮ್ಮ ಸಭೆಯ ನಿಯಮದಂತೆ ನಡೆಸಬಹುದು. ಹಾಗಾಗಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಅಯ್ಯನವರಿಗೆ ಬೇರೆ ಲೈಸೆನ್ಸ್ ಬೇಕಿಲ್ಲ. ಬ್ರದರನ್, ಪೆಂತೆಕೊಸ್ತ್, ಬ್ಯಾಪ್ಟಿಸ್ಟ್ ಮತ್ತು ಸ್ವತಂತ್ರ ಸಭೆಗಳ ಪಾಸ್ಟರುಗಳಿಗೆ 6ನೇ ಕಲಮಿನಡಿ ರಾಜ್ಯ ಸರ್ಕಾರ ಕೊಟ್ಟ ಲೈಸೆನ್ಸ್ ಇರಬೇಕು. ಅಧಿಕಾರವಿಲ್ಲದವರು ಗೊತ್ತಿದ್ದೂ ಮದುವೆ ಮಾಡಿಸಿದರೆ 68ನೇ ಕಲಮಿನಡಿ ಹತ್ತು ವರ್ಷದವರೆಗೆ ಜೈಲು. ಅದಕ್ಕಿಂತ ಕೆಟ್ಟದ್ದು, ಮದುವೆಯ ಸಿಂಧುತ್ವಕ್ಕೇ ಧಕ್ಕೆ ಬರುತ್ತದೆ.

ಲೈಸೆನ್ಸ್ ಇರುವುದು ವ್ಯಕ್ತಿಯ ಹೆಸರಿಗೆ, ಸಭೆಯ ಹೆಸರಿಗಲ್ಲ. ಹಳೆಯ ಪಾಸ್ಟರ್ ವರ್ಗವಾಗಿಯೋ ತೀರಿಕೊಂಡೋ ಹೊಸಬರು ಬಂದಾಗ, ‘ನಮ್ಮ ಸಭೆಗೆ ಲೈಸೆನ್ಸ್ ಇದೆ’ ಎಂದುಕೊಂಡು ಹಳೆಯ ರಿಜಿಸ್ಟರಿನಲ್ಲೇ ಬರೆಯುತ್ತಾ ಹೋಗುವುದುಂಟು. ಸ್ವತಂತ್ರ ಸಭೆಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಆದೇಶದ ಪ್ರತಿಯನ್ನು ಕೇಳಿ, ಅದರಲ್ಲಿ ನಿಮ್ಮ ಪಾಸ್ಟರ ಹೆಸರೇ ಇದೆಯೇ ಎಂದು ಕಣ್ಣಾರೆ ನೋಡಿ. ಹಾಗೆ ಕೇಳುವುದರಲ್ಲಿ ಅಗೌರವ ಏನೂ ಇಲ್ಲ.

ಲೈಸೆನ್ಸ್ ಇದೆಯೆಂದಾದರೆ ಮುಂದಿನ ಕೆಲಸ ಹೀಗೆ. ಹುಡುಗ ಅಥವಾ ಹುಡುಗಿ ಪಾಸ್ಟರಿಗೆ ಲಿಖಿತ ನೋಟಿಸ್ ಕೊಡಬೇಕು: ಇಬ್ಬರ ಪೂರ್ತಿ ಹೆಸರು, ಉದ್ಯೋಗ, ವಿಳಾಸ, ಅಲ್ಲಿ ಎಷ್ಟು ಕಾಲದಿಂದ ವಾಸ, ಮದುವೆ ಎಲ್ಲಿ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ನೋಟಿಸನ್ನು ಚರ್ಚಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಬೇಕು. ಮದುವೆ ಖಾಸಗಿ ಮನೆಯಲ್ಲಾದರೆ ನೋಟಿಸನ್ನು ಜಿಲ್ಲೆಯ ವಿವಾಹ ನೋಂದಣಾಧಿಕಾರಿಗೂ ಕಳಿಸಬೇಕು. ರೆಸಾರ್ಟ್ ಕೂಡ ಚರ್ಚ್ ಅಲ್ಲವಾದ್ದರಿಂದ ನೀವು ಅದೇ ಕ್ರಮ ಹಿಡಿಯುವುದು ಕ್ಷೇಮ. ಅಡ್ಡಿ ಏನೂ ಇಲ್ಲವೆಂದು ಘೋಷಣೆಗೆ ಸಹಿ ಹಾಕಿದ ಮೇಲೆ ಪಾಸ್ಟರ್ ಪ್ರಮಾಣಪತ್ರ ಕೊಡುತ್ತಾರೆ. ಆ ದಿನದಿಂದ ಎರಡು ತಿಂಗಳೊಳಗೆ ಮದುವೆ ಆಗದಿದ್ದರೆ ಎಲ್ಲವನ್ನೂ ಹೊಸದಾಗಿ ಶುರುಮಾಡಬೇಕು. ಅಕ್ಟೋಬರಿನಲ್ಲಿ ನಿಶ್ಚಿತಾರ್ಥದ ಜೊತೆಗೇ ಕಾಗದ ಮುಗಿಸಿ, ಜನವರಿಯಲ್ಲಿ ಮದುವೆ ಇಟ್ಟುಕೊಂಡವರು ಸಿಕ್ಕಿಬೀಳುವುದು ಈ ಕಾರಣಕ್ಕೆ.

ಇನ್ನು ನಿಮ್ಮ ‘ಸಂಜೆ ಹೊತ್ತು’. ಕಾಯ್ದೆಯ ಪ್ರಕಾರ ಮದುವೆ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ಆಗಬೇಕು. ಆರೂವರೆಗೆ ಎಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಮದುಮಗಳ ಕಾರು ಘಟ್ಟದ ರಸ್ತೆಯಲ್ಲಿ ಅರ್ಧ ಗಂಟೆ ನಿಂತರೆ ಸಮಯ ಮೀರಿಹೋಯಿತು. ಆ ಒಂದೇ ಕಾರಣಕ್ಕೆ ಮದುವೆ ರದ್ದಾಗುವುದಿಲ್ಲ, ನಿಜ. ಆದರೆ ಶಿಕ್ಷೆಗೆ ಗುರಿಯಾಗುವವರು ನಿಮ್ಮ ಪಾಸ್ಟರ್. ನಾಲ್ಕು ಗಂಟೆಗೆ ಇಟ್ಟುಕೊಳ್ಳಿ. ಪಾಸ್ಟರನ್ನು ಬಿಟ್ಟು ಕನಿಷ್ಠ ಇಬ್ಬರು ಸಾಕ್ಷಿಗಳಿರಲಿ. ರಿಜಿಸ್ಟರಿಗೆ ಅಲ್ಲೇ ಸಹಿ ಹಾಕಿಸಿ, ನಾಳೆ ನೋಡೋಣ ಎನ್ನಬೇಡಿ. ರಿಜಿಸ್ಟರಿನಿಂದ ಬೇರ್ಪಡಿಸಿದ ಪ್ರತಿಯನ್ನು ಒಂದು ತಿಂಗಳೊಳಗೆ ನೋಂದಣಾಧಿಕಾರಿಗೆ ಕಳಿಸುವುದು ಪಾಸ್ಟರ ಹೊಣೆ. ಕಳಿಸಿದ ರಸೀದಿಯ ಫೋಟೋ ನಿಮ್ಮಲ್ಲಿರಲಿ. ಅಂದಹಾಗೆ, ಹೆಸರಿನ ಅಕ್ಷರಗಳು ಆಧಾರ್, ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಬೇಕು. ಮನೆಯಲ್ಲಿ ಕರೆಯುವ ಹೆಸರು ಬರೆಸಿ ಆಮೇಲೆ ವೀಸಾಕ್ಕೆ ಪರದಾಡುವವರು ಬಹಳ.

ಲೈಸೆನ್ಸ್ ಇಲ್ಲವೆಂದು ಗೊತ್ತಾದರೆ ಎರಡು ದಾರಿ. ಅಧಿಕಾರವಿರುವ ಇನ್ನೊಬ್ಬ ಸೇವಕರು ಪ್ರತಿಜ್ಞೆ ಮಾಡಿಸಿ ರಿಜಿಸ್ಟರ್ ಬರೆಯಲಿ, ನಿಮ್ಮ ಪಾಸ್ಟರ್ ಸಂದೇಶ ಕೊಟ್ಟು ಆಶೀರ್ವದಿಸಲಿ. ಇಲ್ಲವೇ 1954ರ ವಿಶೇಷ ವಿವಾಹ ಕಾಯ್ದೆಯಡಿ ಮೊದಲು ಮದುವೆಯಾಗಿ, ನಂತರ ಸಭೆಯಲ್ಲಿ ಸ್ತೋತ್ರಾರಾಧನೆ ಇಟ್ಟುಕೊಳ್ಳಿ. ಅದಕ್ಕೆ 30 ದಿನದ ನೋಟಿಸ್, ಮೂವರು ಸಾಕ್ಷಿಗಳು ಬೇಕು. ಈಗಾಗಲೇ ಲೈಸೆನ್ಸ್ ಇಲ್ಲದವರಿಂದ ಮದುವೆಯಾಗಿ ಸಂಸಾರ ಮಾಡುತ್ತಿರುವವರು ಅದೇ ಕಾಯ್ದೆಯ 15ನೇ ಕಲಮಿನಡಿ ನೋಂದಣಿಗೆ ಅರ್ಜಿ ಹಾಕಬಹುದು. ಅರ್ಜಿಗೆ ಮುಂಚೆ ಒಬ್ಬ ವಕೀಲರಿಗೆ ಕಾಗದ ತೋರಿಸಿ.

ಕ್ಯಾಂಟರ್ಬರಿಗೆ ಮಹಿಳಾ ಆರ್ಚ್‌ಬಿಷಪ್ ಬಂದಿದ್ದಾರೆ, ಆಂಗ್ಲಿಕನ್ ಸಭೆ ಒಡೆಯಿತು ಎಂದೆಲ್ಲ ಸುದ್ದಿ. ಮಡಿಕೇರಿಯ ಸಿ.ಎಸ್.ಐ. ಸದಸ್ಯರಾದ ನಮಗೆ ಇದರಿಂದ ಏನಾಗುತ್ತದೆ?

ಆಡಳಿತದ ಮಟ್ಟಿಗೆ ಏನೂ ಆಗುವುದಿಲ್ಲ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಮುಖ್ಯ ಪೀಠ ಕ್ಯಾಂಟರ್ಬರಿಗೆ ಸಾರಾ ಮಲ್ಲಾಲಿ ಅವರ ಹೆಸರು ಪ್ರಕಟವಾದದ್ದು 2025ರ ಅಕ್ಟೋಬರ್ 3ರಂದು. ಅದೇ ತಿಂಗಳು, 2008ರಲ್ಲಿ ಜೆರುಸಲೇಮಿನಲ್ಲಿ ಶುರುವಾದ ಸಂಪ್ರದಾಯನಿಷ್ಠ ಆಂಗ್ಲಿಕನರ ಒಕ್ಕೂಟ ‘ಗಾಫ್ಕಾನ್’, ಕ್ಯಾಂಟರ್ಬರಿಯ ನೇತೃತ್ವವನ್ನು ಇನ್ನು ಒಪ್ಪುವುದಿಲ್ಲ ಎಂದಿತು. ಅವರ ಮುಖ್ಯ ತಕರಾರು ಸಲಿಂಗ ಜೋಡಿಗಳನ್ನು ಆಶೀರ್ವದಿಸುವ ವಿಷಯದ್ದು. 2023ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಸಭೆ ಅಂಥ ಪ್ರಾರ್ಥನೆಗಳಿಗೆ ಅವಕಾಶ ಕೊಟ್ಟಿತ್ತು. ಸಿ.ಎಸ್.ಐ. ಆಂಗ್ಲಿಕನ್ ಒಕ್ಕೂಟದ ಸದಸ್ಯನಾದರೂ ತನ್ನ ಆಡಳಿತವನ್ನು ತಾನೇ ನಡೆಸುವ ಸಭೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್ ಸಭೆಗಳೂ ದಕ್ಷಿಣ ಭಾರತ ಐಕ್ಯ ಸಭೆಯೂ ಕೂಡಿ ಆದದ್ದು. ನಮ್ಮ ಬಿಷಪ್ಪರನ್ನು ನೇಮಿಸುವ ಅಧಿಕಾರ ಕ್ಯಾಂಟರ್ಬರಿಗೆ ಇಲ್ಲ.

ಕೊಡಗಿನ ಕನ್ನಡ ಸಭೆಗಳ ಬೇರಂತೂ ಇಂಗ್ಲೆಂಡಿನದೇ ಅಲ್ಲ. ಮಡಿಕೇರಿ ಕೋಟೆಯೊಳಗೆ ಈಗ ವಸ್ತುಸಂಗ್ರಹಾಲಯವಾಗಿರುವ ಸಂತ ಮಾರ್ಕರ ಚರ್ಚು ಬ್ರಿಟಿಷರದು. ಆದರೆ ಅಮ್ಮತ್ತಿ ಬಳಿಯ ಆನಂದಪುರವನ್ನು ಕಟ್ಟಿದ್ದು ಜರ್ಮನ್ ಪಾದ್ರಿ ಹೆರ್ಮನ್ ಮೊಗ್ಲಿಂಗ್ ಕಾಲದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್.

ಮಹಿಳೆಯರಿಗೆ ಪಾದ್ರಿ ದೀಕ್ಷೆ ಕ್ಯಾಂಟರ್ಬರಿಯಿಂದ ನಮ್ಮ ಮೇಲೆ ಹೇರಿದ್ದು ಎಂಬ ಮಾತೂ ಕೇಳಿಬರುತ್ತದೆ. ವರ್ಷಗಳನ್ನು ನೋಡಿ. ಸಿ.ಎಸ್.ಐ.ಯಲ್ಲಿ ಮಹಿಳೆಗೆ ದೀಕ್ಷೆ 1976ರಲ್ಲಿ, ಮೊದಲ ಮಹಿಳಾ ಬಿಷಪ್ ಇ. ಪುಷ್ಪಲಲಿತಾ ನಂದ್ಯಾಲಕ್ಕೆ ಬಂದದ್ದು 2013ರಲ್ಲಿ. ಇಂಗ್ಲೆಂಡಿನಲ್ಲಿ ಇವು ಆದದ್ದು 1994 ಮತ್ತು 2015ರಲ್ಲಿ. ಒಪ್ಪುವವರೂ ಒಪ್ಪದವರೂ ವಾಕ್ಯದ ಆಧಾರದ ಮೇಲೆ ವಾದಿಸಲಿ. ತಪ್ಪು ಇತಿಹಾಸದ ಮೇಲೆ ಕಟ್ಟಿದ ವಾದ ಯಾರಿಗೂ ಒಳ್ಳೆಯದು ಮಾಡದು.

ಕರ್ತನ ಭೋಜನಕ್ಕೆ ಮನೆಯಲ್ಲೇ ದ್ರಾಕ್ಷಾರಸ ಮಾಡುತ್ತೇವೆ. ಮಳೆಗಾಲದಲ್ಲಿ ಎರಡೇ ವಾರಕ್ಕೆ ಹುಳಿ ಬಂದು ಮುಚ್ಚಳ ಹಾರುತ್ತದೆ. ನಮ್ಮ ಸಭೆಯಲ್ಲಿ ಮದ್ಯಾಂಶ ಸಲ್ಲದು. ಏನು ಮಾಡುವುದು? (ಸೋಮವಾರಪೇಟೆ)

ದ್ರಾಕ್ಷಿ ಸಿಪ್ಪೆಯ ಮೇಲೇ ಯೀಸ್ಟ್ ಇರುತ್ತದೆ. ಅದು ಸಾಯದಿದ್ದರೆ ರಸ ಮದ್ಯವಾಗಿಯೇ ತೀರುತ್ತದೆ. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಮೆಥೋಡಿಸ್ಟ್ ದಂತವೈದ್ಯರು ಬಾಟಲಿಯೊಳಗಿನ ರಸವನ್ನು ಬಿಸಿಮಾಡಿ ಇದನ್ನು ತಡೆದದ್ದು, ಅದೂ ಕರ್ತನ ಭೋಜನಕ್ಕೆಂದೇ.

ಅರವತ್ತು ಜನಕ್ಕೆ ತಲಾ 10 ಮಿ.ಲೀ. ಅಂದರೆ 600 ಮಿ.ಲೀ. ಸಾಕು. ಎರಡು ಕಿಲೋ ಕಪ್ಪು ದ್ರಾಕ್ಷಿಯಿಂದ ಒಂದು ಲೀಟರಿಗೆ ಮೇಲೆ ರಸ ಬರುತ್ತದೆ. ತೊಟ್ಟು ಬಿಡಿಸಿ ತೊಳೆದು, ಕೊಳೆತ ಒಂದು ಹಣ್ಣನ್ನೂ ಬಿಡದೆ ಆರಿಸಿ. ಸ್ಟೀಲ್ ಪಾತ್ರೆಯಲ್ಲಿ ಕಿವುಚಿ. ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಇಲ್ಲದ ತಾಮ್ರ ಬೇಡ, ರಸದ ಹುಳಿ ಲೋಹವನ್ನು ಎಳೆಯುತ್ತದೆ. ನೀರು ಹಾಕದೆ ಸಣ್ಣ ಉರಿಯಲ್ಲಿ 15 ನಿಮಿಷ ಬಿಸಿಮಾಡಿದರೆ ಬಣ್ಣ ಬಿಡುತ್ತದೆ. ಕುದಿಸಿದರೆ ಜಾಮಿನ ವಾಸನೆ ಬರುತ್ತದೆ. ಬಿಳಿ ಪಂಚೆಯ ಬಟ್ಟೆಯಲ್ಲಿ ಹಿಂಡದೆ ಸೋಸಿ.

ನಿಮ್ಮಲ್ಲಿ ತಪ್ಪುತ್ತಿರುವುದು ಮುಂದಿನ ಹಂತ ಇರಬೇಕು. ಸೋಸುವಾಗ ಬಟ್ಟೆ, ಕೈ, ಸೌಟಿನಿಂದ ಯೀಸ್ಟ್ ಮತ್ತೆ ಸೇರುತ್ತದೆ. ಹಾಗಾಗಿ ಸೋಸಿದ ರಸವನ್ನು ಮತ್ತೆ 85 ಡಿಗ್ರಿಗೆ, ಅಂದರೆ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವವರೆಗೆ, ಬಿಸಿಮಾಡಿ. ಹತ್ತು ನಿಮಿಷ ನೀರಿನಲ್ಲಿ ಕುದಿಸಿದ ಬಾಟಲಿಗಳಿಗೆ, ಅವು ಬಿಸಿಯಿರುವಾಗಲೇ ಕತ್ತಿನವರೆಗೆ ತುಂಬಿ ಮುಚ್ಚಿ. ದೊಡ್ಡ ಬಾಟಲಿ ಬೇಡ, 200 ಮಿ.ಲೀ.ಯವು ಇರಲಿ. ಆ ಭಾನುವಾರಕ್ಕೆ ಬೇಕಾದಷ್ಟನ್ನೇ ತೆರೆಯಿರಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲವಾದ್ದರಿಂದ ಫ್ರಿಜ್ಜನ್ನು ನಂಬಬೇಡಿ. ತಳದಲ್ಲಿ ಹರಳು ಕೂತರೆ ಅದು ದ್ರಾಕ್ಷಿಯದೇ ಉಪ್ಪು, ದೋಷವಲ್ಲ. ಗುಳ್ಳೆ, ಬೂಸಲು, ಉಬ್ಬಿದ ಮುಚ್ಚಳ ಕಂಡರೆ ಚೆಲ್ಲಿಬಿಡಿ. ಸಣ್ಣ ಲೋಟಗಳನ್ನಿಡುವ ಮರದ ತಟ್ಟೆಯ ಕುಳಿಗಳಲ್ಲೂ ಬೂಸಲು ಕೂರುತ್ತದೆ. ಒಲೆಯ ಹತ್ತಿರ ಒಣಗಿಸಿ ಇಡಿ.

ದುಬೈಯಲ್ಲಿರುವ ನನ್ನ ತಮ್ಮ, ನಮ್ಮ ಸಭೆಯ ಚಾವಣಿಗೆ ಎರಡು ಲಕ್ಷ ಕಳಿಸುತ್ತಾನಂತೆ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್.ಸಿ.ಆರ್.ಎ. ನೋಂದಣಿ ನಮಗಿಲ್ಲ, ತೆಗೆದುಕೊಳ್ಳಬಹುದಾ?

ತಮ್ಮನ ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದು, ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅವರ ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಂಡು ಅವರ ಹೆಸರಿಗೇ ರಸೀದಿ ಬರೆಯಿರಿ. ಬೇರೆ ದೇಶದ ಪೌರತ್ವ ಪಡೆದವರು, ಒ.ಸಿ.ಐ. (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಅವರ ಹಣವನ್ನು ಪಾಸ್ಟರ ಸ್ವಂತ ಖಾತೆಗೆ ಹಾಕಿಸಿ ಸಭೆಗೆ ಖರ್ಚು ಮಾಡುವ ಉಪಾಯ ಬೇಡವೇ ಬೇಡ.

ಕಾವೇರಿಯಲ್ಲಿ ಜುಲೈ ತಿಂಗಳಲ್ಲಿ ಐವರಿಗೆ ದೀಕ್ಷಾಸ್ನಾನ ಕೊಡಿಸಬೇಕೆಂದಿದ್ದೇವೆ. ಒಬ್ಬರು ಬೇರೆ ಧರ್ಮದಿಂದ ಬಂದವರು. (ಸಿದ್ದಾಪುರ)

ಜುಲೈಯಲ್ಲಿ ನದಿಗೆ ಇಳಿಯಲೇಬೇಡಿ. ಮಡಿಕೇರಿ ಕಡೆ ಸುರಿದ ಮಳೆ ನಿಮ್ಮಲ್ಲಿ ಬಿಸಿಲಿದ್ದಾಗಲೂ ನೀರೇರಿಸುತ್ತದೆ. ಕೆಂಪು ನೀರಿನಲ್ಲಿ ಕಾಲಡಿಯ ಗುಂಡಿ ಕಾಣದು. ಕಾಯಲು ಆಗದಿದ್ದರೆ ತೊಟ್ಟಿ ಮಾಡಿಕೊಳ್ಳಿ. ಒಳಗೆ 7 ಅಡಿ ಉದ್ದ, ಮೂರೂವರೆ ಅಡಿ ಅಗಲ, 4 ಅಡಿ ಎತ್ತರ. ನೀರು 3 ಅಡಿ. ಇದಕ್ಕೆ ಸುಮಾರು 2,100 ಲೀಟರ್ ಹಿಡಿಯುತ್ತದೆ, ತೂಕ ಎರಡು ಟನ್ನಿಗೂ ಮೇಲೆ. ಆದ್ದರಿಂದ ನೆಲದ ಮೇಲೆ ಮಾತ್ರ. ಮಹಡಿಯಲ್ಲಿ, ಹಲಗೆಯ ವೇದಿಕೆಯ ಮೇಲೆ ಬೇಡ. ಸಿಮೆಂಟ್ ಇಲ್ಲದೆ ಇಟ್ಟಿಗೆ ಜೋಡಿಸಿ ಟಾರ್ಪಾಲ್ ಹಾಸಿದ ತೊಟ್ಟಿ ನೀರಿನ ಒತ್ತಡಕ್ಕೆ ಹೊರಕ್ಕೆ ಕುಸಿಯುತ್ತದೆ.

ಚಳಿಗೆಂದು ಹೀಟರ್ ರಾಡ್ ಇಳಿಬಿಡಬೇಡಿ. ಅದರಿಂದ ಅಷ್ಟು ನೀರು ಬಿಸಿಯೂ ಆಗದು, ಶಾಕ್ ಹೊಡೆದರೆ ಸಾವು. 18 ಡಿಗ್ರಿಯ 1,800 ಲೀಟರಿಗೆ ಹಂಡೆಯಲ್ಲಿ ಕಾಯಿಸಿದ 80 ಡಿಗ್ರಿಯ 300 ಲೀಟರ್ ಸೇರಿಸಿ ಕಲಕಿದರೆ ಸುಮಾರು 27 ಡಿಗ್ರಿಗೆ ಬರುತ್ತದೆ. ಯಾರೂ ಇಳಿಯುವ ಮೊದಲೇ ಇದು ಮುಗಿದಿರಲಿ. ನೀರಿನಲ್ಲಿ ನಿಂತವರು ಮೈಕ್ ಮುಟ್ಟಬಾರದು. 2005ರಲ್ಲಿ ಟೆಕ್ಸಾಸಿನ ವೇಕೋ ಊರಿನಲ್ಲಿ ದೀಕ್ಷಾಸ್ನಾನದ ತೊಟ್ಟಿಯಲ್ಲಿ ನಿಂತು ಮೈಕಿಗೆ ಕೈ ಹಾಕಿದ ಪಾಸ್ಟರ್ ಶಾಕ್ ಹೊಡೆದು ಪ್ರಾಣ ಬಿಟ್ಟರು. ಪಾಸ್ಟರ್ ಗಟ್ಟಿ ದನಿಯಲ್ಲಿ ಹೇಳಲಿ, ಅಷ್ಟು ಸಾಕು.

ಬೇರೆ ಧರ್ಮದಿಂದ ಬಂದವರ ವಿಷಯದಲ್ಲಿ ಮತಾಂತರದ ಬಗೆಗಿನ 2022ರ ರಾಜ್ಯ ಕಾಯ್ದೆ ಇದೆ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆದರೆ ಸಂಪುಟದ ತೀರ್ಮಾನವೊಂದರಿಂದಲೇ ಕಾಯ್ದೆ ರದ್ದಾಗುವುದಿಲ್ಲ, ಸದನಗಳಲ್ಲಿ ಮಸೂದೆ ಪಾಸಾಗಬೇಕು. ಆ ಕಾಯ್ದೆಯಂತೆ ಆ ವ್ಯಕ್ತಿ ಕನಿಷ್ಠ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ನಮೂನೆ 1, ದೀಕ್ಷಾಸ್ನಾನ ಕೊಡುವವರು ನಮೂನೆ 2, ಆಮೇಲೆ 30 ದಿನದೊಳಗೆ ದೀಕ್ಷಾಸ್ನಾನ ಪಡೆದವರು ನಮೂನೆ 3 ಕೊಡಬೇಕು. ಕಾಯ್ದೆ ಅನ್ಯಾಯವೆಂದು ನಾವೂ ನಂಬಿದ್ದೇವೆ. ಆದರೆ ಎಸ್ಟೇಟಿನ ಲೈನ್ ಮನೆಯಲ್ಲಿರುವ ಒಬ್ಬ ಹೊಸ ವಿಶ್ವಾಸಿಯನ್ನು ಪೊಲೀಸ್ ಠಾಣೆಯಲ್ಲಿ ಒಂಟಿಯಾಗಿ ನಿಲ್ಲಿಸುವ ಹಾಗೆ ಸಭೆ ನಡೆದುಕೊಳ್ಳಬಾರದು. ವಕೀಲರನ್ನು ಕೇಳಿಯೇ ದಿನ ಗೊತ್ತುಮಾಡಿ.

ಸಂಡೇ ಸ್ಕೂಲ್ ಶಿಕ್ಷಕರೊಬ್ಬರು ಕೆಟ್ಟದಾಗಿ ಮುಟ್ಟಿದರೆಂದು ಒಂದು ಮಗು ಹೇಳಿದೆ. ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು, ಹಿರಿಯರೇ ತೀರ್ಮಾನಿಸಲಿ ಎನ್ನುತ್ತಾರೆ. (ಊರು ಪ್ರಕಟಿಸಿಲ್ಲ)

ಇವತ್ತೇ ಪೊಲೀಸರಿಗೆ ತಿಳಿಸಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ಗೊತ್ತಾದ ಪ್ರತಿಯೊಬ್ಬರೂ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಜೈಲು. ಕೋರ್ಟಿಗೆ ಹೋಗಬಾರದೆಂದು ಪೌಲನು ಕೊರಿಂಥದವರಿಗೆ ಬರೆದದ್ದು ಆಸ್ತಿಪಾಸ್ತಿಯಂಥ ವ್ಯಾಜ್ಯಗಳ ಬಗ್ಗೆ. ಕೇಡು ಮಾಡುವವನನ್ನು ದಂಡಿಸಲು ಅಧಿಕಾರಿಗೆ ಕತ್ತಿ ಕೊಟ್ಟವನು ದೇವರೇ ಎಂದು ರೋಮಾಪುರದವರಿಗೆ ಬರೆದದ್ದೂ ಅದೇ ಪೌಲನು. ಗುಟ್ಟು ಮಾಡಿದರೆ ಏನಾಗುತ್ತದೆಂದು ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರನ್ನು ನೋಡಿ ತಿಳಿಯಬಹುದು: ಆರೋಪಿತರ 700ಕ್ಕೂ ಹೆಚ್ಚು ಹೆಸರುಗಳ ಪಟ್ಟಿಯೊಂದನ್ನು ಕಚೇರಿಯಲ್ಲೇ ಇಟ್ಟುಕೊಂಡು ಸುಮ್ಮನಿದ್ದರೆಂಬುದು 2022ರ ತನಿಖಾ ವರದಿಯಲ್ಲಿ ಹೊರಬಂತು.

ಮಗುವನ್ನು ಹಿರಿಯರ ಮುಂದೆ ನಿಲ್ಲಿಸಿ ಮತ್ತೆ ಮತ್ತೆ ಕೇಳಬೇಡಿ. ಮಗು ಆಡಿದ ಮಾತನ್ನು ಅದರದ್ದೇ ಪದಗಳಲ್ಲಿ, ದಿನಾಂಕ ಸಮೇತ ಒಮ್ಮೆ ಬರೆದಿಡಿ. ಪ್ರಾರ್ಥನಾ ವಿಷಯ ಎಂದು ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಬೇಡಿ; ಮಗುವಿನ ಗುರುತು ಬಯಲು ಮಾಡುವುದೂ ಅಪರಾಧ. ಆ ಶಿಕ್ಷಕರನ್ನು ತನಿಖೆ ಮುಗಿಯುವವರೆಗೆ ಎಲ್ಲ ಸೇವೆಯಿಂದ ದೂರವಿಡಿ. ಇನ್ನು ಮುಂದೆ ಪ್ರತಿ ತರಗತಿಗೆ ಒಂದೇ ಮನೆಯವರಲ್ಲದ ಇಬ್ಬರು ದೊಡ್ಡವರಿರಲಿ, ಬಾಗಿಲು ತೆರೆದಿರಲಿ. ಮಕ್ಕಳ ಸಹಾಯವಾಣಿ 1098, ತುರ್ತು ಪೊಲೀಸ್ ಸಂಖ್ಯೆ 112. ಮನೆಯವರು ಹೆದರುತ್ತಿದ್ದರೆ ನೀವೇ ಜೊತೆಗೆ ಠಾಣೆಗೆ ಹೋಗಿ.